ಹನ್ನೆರಡು ಎಂದ ಬೊಮ್ಮ

“ರಾಜಕುಮಾರಿ ನಾಗಾಂಬಿಕೆಗೆ ಇಸ್ಪೀಟಿನಾಟದಲ್ಲಿ ಜೊತೆಗಾರ ಬೇಕು. ಮೂರು ಒಗಟು ಬಿಡಿಸಿದವನಿಗೆ ಅವಳ ಕೈ, ಅರ್ಧ ರಾಜ್ಯ. ತಪ್ಪಿದವನ ತಲೆ ಉಳಿಯದು!” ಎಂದು ಹೊನ್ನಗಿರಿಯ ಅರಸ ಡಂಗುರ ಹೊಡೆಸಿದ. ಹಿಂದೆ ಜೊತೆಗಾರನ ಒಂದು ತಪ್ಪು ಕೂಗಿನಿಂದ ಪಣಕ್ಕಿಟ್ಟ ಕೋಟೆ ಕಳೆದುಕೊಂಡವನು. ಆ ಸಿಟ್ಟು ಇನ್ನೂ ಆರಿರಲಿಲ್ಲ.

ಮೂರನೆಯ ಒಗಟು ಆಟವೇ. ಜೊತೆಗಾರರಿಬ್ಬರೂ ತಂತಮ್ಮ ಎಲೆ ಮಾತ್ರ ನೋಡಿ, ಹದಿಮೂರು ಸುತ್ತಿನಲ್ಲಿ ಎಷ್ಟು ತಮ್ಮದೆಂದು ಏರಿಸಿ ಕೂಗಬೇಕು. ಕೊನೆಯ ಕೂಗು ವರನದು. ಹೆಚ್ಚಾದರೂ ಸಾವು, ಕಡಿಮೆಯಾದರೂ ಸಾವು. ಸೇನಾಪತಿಯ ಮಗ ರಾಜಕುಮಾರಿಯ ನಗು ಕಂಡು ಹದಿಮೂರು ಎಂದ, ಬಂದದ್ದು ಹನ್ನೊಂದು. ಮಂತ್ರಿಯ ತಮ್ಮ ಅವಳ ಕಣ್ಣೀರು ಕಂಡು ಒಂಬತ್ತು ಎಂದ, ಬಂದದ್ದು ಹನ್ನೆರಡು. ಇಬ್ಬರೂ ಮನೆಗೆ ಮರಳಲಿಲ್ಲ.

ಅಂದು ದಾರಿಯುದ್ದಕ್ಕೂ ಪಲ್ಲಕ್ಕಿಯೊಳಗೆ ಅವಳು ಅತ್ತದ್ದನ್ನು, ಪಲ್ಲಕ್ಕಿ ಹೊರುತ್ತಿದ್ದ ಬೊಮ್ಮ ಕೇಳಿಸಿಕೊಂಡಿದ್ದ. ಮರುದಿನ ಅವನೇ ಸಭೆಗೆ ಬಂದ.

“ತಲೆ ಭಾರವಾಯಿತೇನೋ?” ಎಂದ ಅರಸ. ಸಭೆ ನಕ್ಕಿತು. “ಸರಿ, ಹೇಳು. ರಾಣಿಯನ್ನು ಗೆದ್ದ ರಾಜನನ್ನೂ ಗೆಲ್ಲುವ ಒಂಟಿಗ. ಅವನನ್ನೂ ಒಬ್ಬ ಬಡವ ಹೊಡೆದಾನು. ಯಾರವರು?”

“ಎಕ್ಕ, ಬುದ್ಧಿ. ಹೊಡೆಯೋದು ತುರುಫಿನ ಎರಡು, ತುರುಫು ಬೇರೆ ಯಾವ ರಂಗನ್ನೂ ಮೀರಿಸುತ್ತಲ್ಲ.”

“ಇದ್ದದ್ದನ್ನೆಲ್ಲ ಹರವಿಟ್ಟು ಕೂತವನು, ತಾನು ಆಡದೆಯೂ ಸೋಲುವವನು?”

“ಕೂಗು ಗೆದ್ದವರ ಜೊತೆಗಾರ, ಬುದ್ಧಿ. ಎಲೆ ಕೆಳಗಿಟ್ಟ ಮೇಲೆ ಉಸಿರು ಹಿಡಿಯೋದಷ್ಟೇ ಅವನ ಕೆಲಸ.”

ಎಲೆ ಹಂಚಿದರು. ಎದುರಾಳಿಗಳು ಅರಸ ಮತ್ತು ಮಂತ್ರಿ. ಬೊಮ್ಮ ತಲೆ ತಗ್ಗಿಸಿಯೇ ಕೂತ.

“ಎಂಟು, ಆಟೀನು ತುರುಫು,” ಎಂದಳು ನಾಗಾಂಬಿಕೆ.

“ಒಂಬತ್ತು,” ಎಂದ ಬೊಮ್ಮ.

“ಹನ್ನೊಂದು.”

ಬೊಮ್ಮ ತನ್ನ ಎಲೆಗಳನ್ನು ಮತ್ತೊಮ್ಮೆ ನೋಡಿದ. ಹೆಂಡತಿಯಿಲ್ಲದ ಮನೆಯಲ್ಲಿ ಅವನಿಗಾಗಿ ಅಳುವವರೂ ಇರಲಿಲ್ಲ. ಆದರೂ ಜೀವದಾಸೆ ಯಾರನ್ನು ಬಿಟ್ಟಿದೆ?

“ಹನ್ನೆರಡು,” ಎಂದು ಎಲೆ ಹರವಿಟ್ಟ. ತುರುಫು ಮೊದಲು ಹೆಸರಿಸಿದವಳೇ ಇನ್ನು ಇಬ್ಬರದನ್ನೂ ಆಡಬೇಕು.

ಮೊದಲ ಸುತ್ತೇ ಅರಸನ ಕಳಾವರ್ ಎಕ್ಕಕ್ಕೆ ಹೋಯಿತು. ಇನ್ನೊಂದು ಹೋದರೆ ಕುತ್ತಿಗೆಯೂ ಹೋದಂತೆ. ಅವಳ ಬೆರಳು ಒಂದೊಂದೇ ಎಲೆ ಇಳಿಸುತ್ತಿತ್ತು, ಅವನು ಸುತ್ತು ಎಣಿಸುತ್ತಿದ್ದ. ಕೊನೆಗೆ ಅವಳಲ್ಲಿ ಉಳಿದದ್ದು ತುರುಫಿನ ನಾಲ್ಕು. ಅದೂ ಗೆದ್ದಿತು. ಹನ್ನೆರಡು!

“ಹೇಗೆ ತಿಳಿಯಿತೋ?” ಎಂದ ಅರಸ.

“ಅರಮನೆ ಪದ್ಧತಿ ಇದೆಯಲ್ಲ ಬುದ್ಧಿ, ಬಾಗಿಲಲ್ಲಿ ಪಲ್ಲಕ್ಕಿ ಕಾಯುವಾಗ ಕೇಳಿದ್ದು, ಕೂಗೋವಾಗ ಒಂದು ಸಂಖ್ಯೆ ಹಾರಿದರೆ ಎರಡು ಎಕ್ಕ ಇದೆ ಅಂತ. ಅಮ್ಮೋರು ಹತ್ತನ್ನ ಹಾರಿದರು. ನನ್ನತ್ರ ಒಂದಿತ್ತು. ಇನ್ನೊಂದು ನಿಮ್ಮದು, ಹದಿಮೂರರಲ್ಲಿ ಅದೊಂದನ್ನ ಬಿಟ್ಟುಕೊಟ್ಟೆ.”

“ಅವಳ ಮುಖ ಏನು ಹೇಳಿತು?”

“ನಾವು ಪಲ್ಲಕ್ಕಿಯೋರು. ಅರಸು ಹೆಣ್ಣಿನ ಮುಖ ನೋಡೋ ಹಾಗಿಲ್ಲವಲ್ಲ. ಕೂಗು ಮಾತ್ರ ಕೇಳಿದೆ.”

ನಾಗಾಂಬಿಕೆ ಬಿಕ್ಕಿದಳು. “ಧೈರ್ಯ ಬರಲೆಂದು ನಕ್ಕೆ, ಒಬ್ಬ ಸತ್ತ. ಹೆದರಿ ಅತ್ತೆ, ಇನ್ನೊಬ್ಬ ಸತ್ತ. ನನ್ನ ಮಾತು ಕೇಳಿದವನು ನೀನೊಬ್ಬನೇ.”

ಅರಸ ಮಗಳ ಕೈಯನ್ನೂ ಅರ್ಧ ರಾಜ್ಯವನ್ನೂ ಕೊಟ್ಟ.

“ಇನ್ನಾದರೂ ನೋಡು,” ಎಂದಳು ಅವಳು.

ಬೊಮ್ಮ ಮೆಲ್ಲನೆ ತಲೆ ಎತ್ತಿದ. ಎತ್ತಲು ತಲೆ ಇನ್ನೂ ಇತ್ತು.