ಕುಣಿದ ಕೋಡಿ

ಸಂಕನಗೊಂದಿಯ ಹಿರಿಯರನ್ನು ಊರ ಕೆರೆಯ ಕುಣಿದ ಕೋಡಿಗೆ ಆ ಹೆಸರು ಬಂದದ್ದು ಹೇಗೆಂದು ಕೇಳಿದರೆ, ಅವರು ಒಂದು ನಾಗರ ಪಂಚಮಿಯಿಂದ ಮಾತು ಎತ್ತಿಕೊಳ್ಳುತ್ತಾರೆ. ಗಾರೆ ಕೆಲಸದ ಕೇತೋಜ ಮೊದಲ ಸಲ ಹೆಂಡತಿಯನ್ನು ಬಿಟ್ಟು ಹೊರಟದ್ದು ಆ ದಿನವಂತೆ. ಇಂದು ಕೆರೆಯ ಅರ್ಧಕ್ಕೆ ಜಾಲಿ ಹಬ್ಬಿದೆ. ಕೋಡಿಯ ಮೇಲೆ ಕುರಿಗಾಹಿಗಳು ಕುರಿಗಳ ಮೈ ಒಣಗಿಸುತ್ತಾರೆ, ಹೆಂಗಸರು ಮೆಣಸಿನಕಾಯಿ ಹರವುತ್ತಾರೆ. ಒಳ್ಳೆಯ ಮಳೆಯಾದ ವರ್ಷ ಮಾತ್ರ ಹೆಚ್ಚಾದ ನೀರು ಎಂಬತ್ತು ಹೆಜ್ಜೆ ಉದ್ದದ ಆ ಗಾರೆನೆಲದ ಮೇಲೆ ಹರಿದು ಹಳ್ಳ ಸೇರುತ್ತದೆ.

ಹಿಂದೆ, ಊರಿಗೆ ಕೋಟೆಯೂ ದಂಡನಾಯಕನೂ ಇದ್ದ ಕಾಲದಲ್ಲಿ, ಕೇತೋಜ ಗುಡಿಯ ಮಾಳಿಗೆ ಸೋರುವುದನ್ನು ನಿಲ್ಲಿಸಲು ಬಂದವನು. ಅಕ್ಷರವನ್ನು ಎಂಟನೆಯ ವಯಸ್ಸಿಗೇ ಕೈಬಿಟ್ಟಿದ್ದ. ಸುಣ್ಣಕ್ಕೆ ಬೆಲ್ಲದ ನೀರು, ಅಳಲೆಕಾಯಿ ರಸ ಎಷ್ಟೆಷ್ಟು ಬೆರೆಸಬೇಕೆಂಬುದು ಮಾತ್ರ ಅವನ ಬೆರಳಿಗೆ ಗೊತ್ತಿತ್ತು. ಒಂದು ಊರಲ್ಲಿ ಎರಡು ಹುಣ್ಣಿಮೆ ಕಂಡವನಲ್ಲ. ಅಂಥವನು ಮಾಳಿಗೆಯ ಕಿಂಡಿಯಿಂದ, ಕೆಳಗೆ ರಂಗಮಂಟಪದಲ್ಲಿ ಗುಡಿಯ ನರ್ತಕಿ ಬಾಚಲೆ ಕುಣಿಯುವುದನ್ನು ಕಂಡು ಆ ಊರಲ್ಲೇ ನಿಂತುಬಿಟ್ಟ. ಮದುವೆಯೂ ಆಯಿತು. ಮದುವೆಯಾದ ನರ್ತಕಿ ಗೆಜ್ಜೆಯನ್ನು ಗುಡಿಗೆ ಒಪ್ಪಿಸಬೇಕು, ಮತ್ತೆ ಕುಣಿಯಬಾರದು ಎಂಬುದು ಊರ ಕಟ್ಟಳೆ. ಬಾಚಲೆ ನಗುತ್ತಲೇ ಒಪ್ಪಿಸಿದಳು. ಮೂರು ತಿಂಗಳು ಕಳೆದು, ಪಂಚಮಿಯ ಬೆಳಗ್ಗೆ ಓಣಿಯ ಹೆಂಗಸರೆಲ್ಲ ಜೋಕಾಲಿ ಆಡುತ್ತಿರುವಾಗ, ಅವನು ಗಾರೆ ಬಳಿಯುವ ಕರಣೆಯನ್ನು ಚೀಲಕ್ಕೆ ಹಾಕಿಕೊಂಡು ನಡೆದುಬಿಟ್ಟ. ಮನೆಯಲ್ಲಿ ಒಲೆ ಇತ್ತು, ಅನ್ನ ಇತ್ತು, ನೀರು ಸೇದುವ ಹೆಂಡತಿ ಇದ್ದಳು. ತನ್ನನ್ನು ನಿಲ್ಲಿಸಿದ್ದು ಮಾತ್ರ ಅಲ್ಲಿಲ್ಲ ಎಂದು ಅವನಿಗೆ ಅನಿಸಿತಂತೆ. ಆರು ವರ್ಷದಲ್ಲಿ ನಾಲ್ಕು ಸಲ ಹೋದ, ನಾಲ್ಕು ಸಲ ತಿರುಗಿ ಬಂದ. ‘ಈ ಸಲ ನಿಲ್ಲುತ್ತೇನೆ’ ಎಂದು ಬಂದಾಗಲೆಲ್ಲ ಹೇಳುತ್ತಿದ್ದ. ಹೇಳುವಾಗ ಅದು ಅವನಿಗೆ ಸುಳ್ಳಾಗಿರಲಿಲ್ಲ.

ನಾಲ್ಕನೆಯ ಸಲ ಬಂದಾಗ ಕೋಡಿ ಒಡೆದಿತ್ತು. ಹೊಸ ಗಾರೆ ಹಾಕುವ ಕೆಲಸ ಅವನ ಪಾಲಿಗೆ ಬಂತು. ಗಾರೆ ಹಾಕಿದರಷ್ಟೇ ಸಾಲದು. ಹೆಂಗಸರು ಸಾಲಾಗಿ ನಿಂತು ಮರದ ಕೊಡತಿಯಿಂದ ಮೂರು ಹಗಲು ಒಂದೇ ಲಯದಲ್ಲಿ ಬಡಿಯಬೇಕು. ಗಾರೆ ಬಿಗಿದುಕೊಂಡ ಗಳಿಗೆಗೆ ಮೇಸ್ತ್ರಿ ‘ಸಾಕು’ ಅನ್ನಬೇಕು. ಆಮೇಲೆ ಬಿದ್ದ ಪೆಟ್ಟು ನೆಲವನ್ನು ಸೀಳುತ್ತದೆ. ಮೊದಲ ದಿನ ಪೆಟ್ಟುಗಳೆಲ್ಲ ಚೆಲ್ಲಾಪಿಲ್ಲಿ. ಎರಡನೆಯ ದಿನ ಬಾಚಲೆ ಕಚ್ಚೆ ಬಿಗಿದು ಸಾಲಿನ ಮುಂದೆ ಬಂದು ನಿಂತಳು. ಅವಳ ಹೆಜ್ಜೆ ಬಿದ್ದ ಕ್ಷಣಕ್ಕೆ ನಲವತ್ತು ಕೊಡತಿ ಒಟ್ಟಿಗೆ ಬಿದ್ದವು.

“ಏನವ್ವಾ ಬಾಚಲೆ, ಗಂಡುಳ್ಳ ಗರತಿ ಕುಣ್ಯಾಕ ಹತ್ತೀಯಲ್ಲ!” ಎಂದು ಏರಿಯ ಮೇಲಿಂದ ಊರಗೌಡ ಕೂಗಿದ.

“ಕುಣ್ಯಾಕ ಹತ್ತಿಲ್ರಿ ಗೌಡ್ರ, ಗಾರೆ ಬಡ್ಯಾಕ ಹತ್ತೀನಿ. ಕುಣಿತ ಕಂಡ್ರ ಕಣ್ಣು ತೊಳಕೋರಿ, ಕೆರ್ಯಾಗ ನೀರು ಇನ್ನೂ ಐತಿ!”

“ಗಂಡುಳ್ಳ ಗರತಿಯಂತ! ಗಂಡ ಹಬ್ಬ ಬಂದ್ಹಂಗ ಬರ್ತಾನ, ಹೋಳಿಗಿ ತಿಂದು ಹೋಗ್ತಾನ” ಎಂದಳು ಸಾಲಿನಲ್ಲಿದ್ದ ಒಬ್ಬಳು. ಹೆಂಗಸರು ನಕ್ಕರು. ಲಯ ತಪ್ಪಲಿಲ್ಲ.

ಮೂರನೆಯ ಮಧ್ಯಾಹ್ನ ಕೇತೋಜ ನೆಲಕ್ಕೆ ಹೆಬ್ಬೆರಳು ಒತ್ತಿದ. ಗಾರೆ ಬಿಗಿದಿತ್ತು. ‘ಸಾಕು’ ಎಂದರೆ ಆ ಹೆಜ್ಜೆ ನಿಲ್ಲುತ್ತದೆ, ಈ ಜನ್ಮದಲ್ಲಿ ಮತ್ತೆ ಕಾಣುವುದಿಲ್ಲ. ಇನ್ನೊಂದು ಸುತ್ತು ಆಗಲಿ ಅಂದುಕೊಂಡ, ಆಮೇಲೆ ಇನ್ನೊಂದು. ಅವಳ ಹಿಮ್ಮಡಿಯ ಕೆಳಗೆ ಚಿಟ್ಟೆಂದು ಸದ್ದಾಯಿತು. ನೋಡನೋಡುತ್ತ ಬಿರುಕು ನೆಲದ ಆ ಅಂಚಿನಿಂದ ಈ ಅಂಚಿಗೆ ಓಡಿತು.

ಬಾಚಲೆ ಅವನ ಹತ್ತಿರ ಬಂದಳು. “ಬಿಗಿದಿದ್ದು ತಿಳೀಲಿಲ್ಲೇನು?”

“ತಿಳಿದಿತ್ತು.”

“ಮತ್ತ?”

“ನಿನ್ನ ನೋಡಾಕ ಹತ್ತಿದ್ದೆ. ಬಾಚೀ, ಈ ಸಲ ನಾ ಹೋಗಂಗಿಲ್ಲ. ದಂಡನಾಯಕರ ಕಾಲು ಹಿಡದು ಗುಡಿಯಿಂದ ನಿನ್ನ ಗೆಜ್ಜಿ ಇಸಗೊಂಡು ಬರ್ತೀನಿ.”

ಬಾಚಲೆ ಬಿಗಿದ ಕಚ್ಚೆಯನ್ನು ಸಡಿಲಿಸಿದಳು. “ಆರು ವರ್ಷ ನಿನ್ನ ಹಾದಿ ಕಾದಾಕಿ ಕುಣೀತಿರಲಿಲ್ಲ. ಆಕಿ ಸಲುವಾಗಿ ನಿಂದರ್ತೀಯೇನು?”

ಕೇತೋಜ ಬಿರುಕು ತುಂಬಲು ಗಾರೆ ಕಲಸುವತ್ತ ತಿರುಗಿದ.

ಗೌಡನ ಮಾತೇ ಊರ ಬಾಯಲ್ಲಿ ಉಳಿದು ಕುಣಿದ ಕೋಡಿ ಎಂಬ ಹೆಸರಾಯಿತು ಎನ್ನುತ್ತಾರೆ. ಹೋದವರು ಈಗಲೂ ನೋಡಬಹುದು: ನೆಲದ ಅಡ್ಡಕ್ಕೆ ಬೆರಳಗಲದ ಒಂದು ಬಿಳಿ ಗೆರೆ. ಉಳಿದ ಗಾರೆ ಕಪ್ಪಿಟ್ಟು ಅಲ್ಲಲ್ಲಿ ಎದ್ದಿದೆ; ಗೆರೆ ಮಾತ್ರ ಈಗಷ್ಟೇ ಕರಣೆ ಎಳೆದಂತಿದೆ. ಆ ಬಿರುಕನ್ನು ಕೇತೋಜ ಒಬ್ಬನೇ ಕೂತು ತುಂಬಿದ. ಅಷ್ಟು ನಿಧಾನವಾಗಿ ಅವನು ಯಾವ ಊರಲ್ಲೂ ಕೆಲಸ ಮಾಡಿರಲಿಲ್ಲವಂತೆ. ಮುಗಿಸಿ ಮನೆಗೆ ಬಂದಾಗ ಬಾಚಲೆ ಸುಣ್ಣ ತಿಂದ ಅಂಗಾಲುಗಳನ್ನು ಚಾಚಿ ಪಡಸಾಲೆಯಲ್ಲಿ ಕೂತಿದ್ದಳು. ಅವನು ಹರಳೆಣ್ಣೆಯ ಗಿಂಡಿ ಹಿಡಿದು ಅವಳ ಕಾಲ ಬಳಿ ಕುಕ್ಕರಿಸಿದ.

“ಅಲ್ಲೇ ಇಟ್ಟು ಹೋಗು. ಹಚ್ಚಿಕೊಳ್ಳಾಕ ನನಗ ಬರ್ತೈತಿ” ಎಂದಳು.

ಕೇತೋಜ ಗಿಂಡಿಯನ್ನು ಇಟ್ಟ. ಕರಣೆ, ಮಟ್ಟಗೋಲು, ಕಂಬಳಿ ಒಂದೊಂದಾಗಿ ಚೀಲ ಸೇರಿದವು. ಅದರ ಬಾಯಿಗೆ ಹಗ್ಗ ಬಿಗಿಯುವುದಕ್ಕೆ ಅವನಿಗೆ ಬಹಳ ಹೊತ್ತು ಹಿಡಿಯಿತು.