ಅಕ್ಕನಕಲ್ಲು

ಡೋಣಿ ಹೊಳೆಯ ದಕ್ಷಿಣಕ್ಕೆ, ಸೊನ್ನಲವಾಡದ ಎರೆಹೊಲಗಳ ನಡುವೆ ಒಂದು ಬೋಳುಗುಡ್ಡವಿದೆ. ಎತ್ತರವೇನಲ್ಲ, ಸುತ್ತಲಿನ ನೆಲ ಅಷ್ಟು ಸಪಾಟಾಗಿರುವುದರಿಂದ ಮಾತ್ರ ಅದನ್ನು ಗುಡ್ಡ ಎನ್ನಬೇಕು. ನೆತ್ತಿಯ ಮೇಲೆ ಸುಣ್ಣ ಬಳಿದ ಚಿಕ್ಕ ದರ್ಗಾ, ಅದರ ಮುಂದೆ ಗಾಳಿಗೆ ಒಂದೇ ಕಡೆ ಬಾಗಿದ ಹುಣಸೆಮರ. ಗುರುವಾರ ಸಂಜೆ ಜನ ಹೆಚ್ಚು. ಕೆಳಗಿನ ರಸ್ತೆಯಲ್ಲಿ ಟೆಂಪೋದವರು "ಅಕ್ಕನಕಲ್ಲ ಯಾರ್ರೀ, ಇಳೀರಿ" ಎಂದು ಕೂಗುತ್ತಾರೆ. ಮೊದಲ ಸಲ ಬಂದವರು ಮೇಲೆ ಹತ್ತಿ ಯಾರೋ ಹೆಣ್ಣುಮಗಳ ಗೋರಿಯನ್ನು ಹುಡುಕುತ್ತಾರೆ. ಹಸಿರು ಚಾದರದ ಕೆಳಗೆ ಮಲಗಿರುವವನು ಗಂಡಸು. ಯಾಕೂಬ್ ಎಂಬ ಧರ್ಮಬೋಧಕ. ಹೊಳೆಯ ಎರಡೂ ದಂಡೆಯ ಊರುಗಳಲ್ಲಿ ಅವನ ಮಾತು ಕೇಳಿ ಹೆಂಡ ಬಿಟ್ಟವರು, ಅಳತೆಯಲ್ಲಿ ಮೋಸ ಬಿಟ್ಟವರು, ಅವನ ಮತಕ್ಕೇ ಬಂದವರು, ಬಾರದೆಯೂ ಅವನನ್ನು ಮನೆಯ ಹಿರಿಯನಂತೆ ಕಂಡವರು ಬಹಳ ಮಂದಿ ಇದ್ದರು. ಆದರೂ ಗುಡ್ಡಕ್ಕಾಗಲಿ ದರ್ಗಾಕ್ಕಾಗಲಿ ಅವನ ಹೆಸರಿಲ್ಲ. ಅದು ಅವನೇ ಬೇಡಿಕೊಂಡದ್ದು ಎನ್ನುತ್ತಾರೆ.

ಹಿಂದೆ ಒಮ್ಮೆ, ವಿಜಯಪುರದಲ್ಲಿ ಶಾಹಿ ಸುಲ್ತಾನರು ಆಳುತ್ತಿದ್ದ ಕಾಲದಲ್ಲಿ, ಸೊನ್ನಲವಾಡದಲ್ಲಿ ಕಲ್ಲುಕುಟಿಗರ ಮನೆಯೊಂದಿತ್ತು. ತಂದೆತಾಯಿ ಇಬ್ಬರೂ ಒಂದೇ ಮಳೆಗಾಲದಲ್ಲಿ ತೀರಿಕೊಂಡಾಗ ಮಗಳು ಗಿರೆವ್ವನಿಗೆ ಮದುವೆಯ ವಯಸ್ಸು, ಮಗ ಹುಲಗಪ್ಪನಿಗೆ ಇನ್ನೂ ಹಾಲುಹಲ್ಲು. ನೋಡಲು ಬಂದ ಗಂಡಿನವರಿಗೆಲ್ಲ ಗಿರೆವ್ವ, "ತಮ್ಮನ್ನ ಬಗಲಾಗ ಹೊತ್ಕೊಂಡ ಬರ್ತೇನಿ, ಒಪ್ಪಿಗಿ ಇದ್ರ ಹೇಳ್ರಿ" ಎಂದಳಂತೆ. ಯಾರೂ ಒಪ್ಪಲಿಲ್ಲ. ಅವಳು ತವರಿನಲ್ಲೇ ಉಳಿದಳು. ಅಪ್ಪ ಕಡೆದಿಟ್ಟ ಬೀಸುಕಲ್ಲು ಪಡಸಾಲೆಯಲ್ಲಿತ್ತು. ಊರವರ ಜೋಳ ಬೀಸಿಕೊಟ್ಟು, ಕೂಲಿಗೆ ಬಂದ ಹಿಟ್ಟಿನಲ್ಲಿ ರೊಟ್ಟಿ ಬಡಿದು ತಮ್ಮನನ್ನು ಸಾಕಿದಳು. ಬೀಸುಕಲ್ಲು ಬೀಸಿದಂತೆ ಸವೆದು ನುಣುಪಾಗುತ್ತದೆ; ನುಣುಪಾದ ಕಲ್ಲು ಕಾಳನ್ನು ಹಿಡಿಯುವುದಿಲ್ಲ. ಆಗಾಗ ಅದರ ಮೈಗೆ ಉಳಿ ಹಾಕಿ ಎಳ್ಳಿನಷ್ಟು ಸಣ್ಣ ಗುಳಿಗಳನ್ನು ಎಬ್ಬಿಸಬೇಕು. ಹುಲಗಪ್ಪ ದೊಡ್ಡವನಾಗಿ ಅಪ್ಪನ ಉಳಿ ಹಿಡಿದಾಗ ಮೊದಲು ಕೂತದ್ದು ಅಕ್ಕನ ಕಲ್ಲಿನ ಮುಂದೆ. ಆಮೇಲೆ "ಕಲ್ಲಿಗೆ ಉಳಿ ಹಾಕಸ್ರೆವ್ವಾ" ಎಂದು ಕೂಗುತ್ತ ಸುತ್ತಲಿನ ಹಳ್ಳಿಗಳನ್ನು ತಿರುಗಿದ. ಅವನ ಕಂಠ ಎಷ್ಟು ಚೆನ್ನಾಗಿತ್ತೆಂದರೆ, ಕಲ್ಲು ಸವೆಯದ ಮನೆಯವರೂ ಬಾಗಿಲಿಗೆ ಬರುತ್ತಿದ್ದರಂತೆ.

ವಿಜಯಪುರದಲ್ಲಿ ದೊಡ್ಡದೊಂದು ಮಸೀದಿಯ ಕೆಲಸ ನಡೆದಿದೆ, ಕಲ್ಲು ಬಲ್ಲವರು ಬೇಕಾಗಿದ್ದಾರೆ ಎಂಬ ಸುದ್ದಿ ಬಂದಾಗ ಹುಲಗಪ್ಪ ಹೊರಟು ನಿಂತ. ಹೋಗುವ ಮುನ್ನ ಅಕ್ಕನ ಕಲ್ಲಿಗೆ ಉಳಿ ಹಾಕಿ, "ಇದು ಸವಿಯೂದ್ರಾಗ ಬರ್ತೇನಿ" ಎಂದು ಹೇಳಿಹೋದ. ಮಸೀದಿಯ ನೆಲಕ್ಕೆ ಹಾಸುಗಲ್ಲು ಕೂಡಿಸುತ್ತಿದ್ದಾಗ ಅಲ್ಲಿಯ ಗುರುವೊಬ್ಬರ ಮಾತು ಅವನ ಕಿವಿಗೆ ಬೀಳುತ್ತಿತ್ತು. ಒಂದು ಮಧ್ಯಾಹ್ನ ಆ ಗುರು ಕೆಲಸಗಾರರ ನಡುವೆ ಊಟಕ್ಕೆ ಕೂತವರು, ಇವನು ಸಂಕೋಚದಿಂದ ದೂರ ಸರಿದಾಗ ಹೆಗಲ ಮೇಲಿನ ಕಲ್ಲುಪುಡಿಯನ್ನು ತಮ್ಮ ಕೈಯಿಂದ ಝಾಡಿಸಿ, ಪಕ್ಕದಲ್ಲಿ ಕೂರಿಸಿಕೊಂಡು, ತಮ್ಮ ತಾಟಿನಿಂದಲೇ ತಿನ್ನಿಸಿದರು ಎನ್ನುತ್ತಾರೆ. ಹುಟ್ಟಿದ ಊರಿನಲ್ಲಿ ಬಾವಿಯ ಮೆಟ್ಟಿಲಿಳಿಯಲು ಅಪ್ಪಣೆಯಿಲ್ಲದವನಿಗೆ ಆ ತುತ್ತು ಏನಾಗಿ ಕಂಡಿತೆಂದು ಬಿಡಿಸಿ ಹೇಳಬೇಕಿಲ್ಲ. ಅವನು ಗುರುವಿನ ಬಳಿಯೇ ನಿಂತು ಇಸ್ಲಾಮಿಗೆ ಸೇರಿ ಯಾಕೂಬ್ ಆದ. ಓದು ಕಲಿತ. ಕಲಿಯುತ್ತ ವರ್ಷಗಳು ಹೋದವು. ಗುರುಗಳು ಅವನ ಕನ್ನಡದ ಮಾತು ಕೇಳಿ, "ನೀನು ನಿನ್ನ ಜನಕ್ಕೆ ನಿನ್ನ ಮಾತಿನಲ್ಲೇ ಹೇಳು" ಎಂದು ಕಳಿಸಿದರು. ಜೊತೆಗೆ ಫತ್ತೇಖಾನನೆಂಬ ಸಹಪಾಠಿಯನ್ನೂ ಕೊಟ್ಟರು.

ಬಿಳಿ ಅಂಗಿ, ಗಡ್ಡ, ಕೈಯಲ್ಲಿ ಕೋಲು. ಊರ ಅಗಸಿಬಾಗಿಲಲ್ಲಿ ಯಾಕೂಬ್ ನಿಂತಾಗ ಮೊದಲು ಗುರುತು ಹಿಡಿದದ್ದು ಗೌಡ. "ಯಾರಪಾ ಇವ, ಹುಲಗ್ಯಾ ಅಲ್ಲೇನ? ಇಷ್ಟ ದಿನ ಕಲ್ಲ ಕುಟ್ಟಿದಿ, ಈಗ ನಮ್ಮನ್ನ ಕುಟ್ಟಾಕ ಬಂದಿ ಏನ?" ಎಂದ. ಕಟ್ಟೆಯ ಮೇಲಿದ್ದವರು ನಕ್ಕರು. ಯಾಕೂಬನೂ ನಕ್ಕ. ಅವನಿಗೆ ಗೌಡನ ಚಿಂತೆ ಇರಲಿಲ್ಲ. ಅಕ್ಕ ಏನೆನ್ನುತ್ತಾಳೋ ಎಂಬುದೊಂದೇ ಇತ್ತು. ಅವಳ ಮನೆಯ ಬಾಗಿಲು ಮುಚ್ಚಿತ್ತು. ತನ್ನ ಹೊಸ ಹೆಸರು ಹೇಳಿ ಕರೆದ. ಒಳಗಿನಿಂದ ಮಾತು ಬಂತು: "ಯಾಕೂಬ ಅನ್ನಾವ್ರ ನಮಗ ಯಾರೂ ಇಲ್ಲ." "ನಾನ ಅಕ್ಕಾ, ನಿನ್ನ ತಮ್ಮ" ಎಂದ. ಅವಳೆಂದಳು: "ನಿನ್ನ ದೇವರು ನಿನಗ ಸಿಕ್ಕಾನ, ಇರ್ಲಿ. ನನ್ನ ತಮ್ಮ ಕಲ್ಲ ಸವಿಯೂದ್ರಾಗ ಬರ್ತೇನಿ ಅಂದಿದ್ದ. ಅದು ಕನ್ನಡಿ ಆಗಿ ಎಷ್ಟ ದಿನ ಆತು. ಅದಕ್ಕ ಉಳಿ ಹಾಕಿ ತೋರ್ಸು, ಆಮ್ಯಾಲ ತಮ್ಮ ಹೌದೋ ಅಲ್ಲೋ ನೋಡ್ತೇನಿ." ಬೇರೆ ಕುಟಿಗರು ಯಾರು ಬಂದರೂ ಅವಳು ಆ ಕಲ್ಲನ್ನು ಮುಟ್ಟಗೊಟ್ಟಿರಲಿಲ್ಲ. ಹಿಟ್ಟು ತರಿಯಾಯಿತು, ಊರವರು ಬೇರೆ ಮನೆಗೆ ಜೋಳ ಒಯ್ಯತೊಡಗಿದರು. ಆದರೂ ಅವಳು ಕಾದಿದ್ದಳು. ಬಾಗಿಲು ಒಂದು ಮೊಳ ತೆರೆಯಿತು. ಬೀಸುಕಲ್ಲಿನ ಮೇಲ್ಗಲ್ಲು ಉರುಳಿಕೊಂಡು ಹೊರಗೆ ಬಂತು. ಬಾಗಿಲು ಮತ್ತೆ ಮುಚ್ಚಿತು.

ಯಾಕೂಬ್ ಅದನ್ನು ತಲೆಯ ಮೇಲೆ ಹೊತ್ತು ಈ ಗುಡ್ಡಕ್ಕೆ ಬಂದ. ಬಂಡೆಯ ಮೇಲೆ ಕೂತು ಉಳಿ ಹಿಡಿದ. ಅವನ ಉಳಿಯ ಸದ್ದು ಊರಿಗೆ ಕೇಳಿ ಬಹಳ ದಿನವಾಗಿತ್ತು. ಮನೆಯ ಕಲ್ಲು ಸವೆದ ಹೆಂಗಸರು ಒಬ್ಬೊಬ್ಬರೇ ಮೇಲೆ ಬಂದರು, ಹೆಂಗಸರ ಹಿಂದೆ ಗಂಡಸರು ಬಂದರು. ನೋಡನೋಡುತ್ತ ಅವನ ಸುತ್ತ ಸಭೆಯೇ ಕೂಡಿತು. ವರ್ಷಗಟ್ಟಲೆ ಹೇಳಬೇಕೆಂದು ಎದೆಯಲ್ಲಿಟ್ಟುಕೊಂಡವನ ಮುಂದೆ ಕೇಳುವವರು ತಾವಾಗಿ ಬಂದು ಕೂತಿದ್ದರು. ಅವನು ಬಾಯಿ ತೆರೆದ. ದೇವರು ಒಬ್ಬನೇ ಎಂದ, ಅವನ ಮುಂದೆ ಗೌಡನೂ ಕುಟಿಗನೂ ಒಂದೇ ಸಾಲಿನಲ್ಲಿ ನಿಲ್ಲಬೇಕು ಎಂದ, ಹಸಿದವನ ಮನೆಯ ಪಕ್ಕದಲ್ಲಿ ಹೊಟ್ಟೆತುಂಬ ಉಂಡು ಮಲಗುವವನ ಪ್ರಾರ್ಥನೆ ಛಾವಣಿ ದಾಟುವುದಿಲ್ಲ ಎಂದ. ಮಾತು ಬಿಸಿಯೇರಿದಂತೆ ಕೈಯೂ ಬಿಸಿಯೇರಿತು. ಒಂದೊಂದು ಮಾತಿಗೆ ಒಂದೊಂದು ಏಟು. ಅಂಥ ಬೋಧನೆಯನ್ನು ಅವನು ಮುಂದೆಂದೂ ಮಾಡಲಿಲ್ಲ ಎನ್ನುತ್ತಾರೆ. ಮುಗಿದಾಗ ಕೆಲವರ ಕಣ್ಣು ಒದ್ದೆಯಾಗಿದ್ದವು. ಫತ್ತೇಖಾನ ಮೆಚ್ಚಿ ಅವನ ಭುಜ ಹಿಡಿದು ಅಲುಗಿಸಿದ. ಆಗ ಯಾಕೂಬ್ ತೊಡೆಯ ಮೇಲಿನ ಕಲ್ಲನ್ನು ನೋಡಿದ. ಎಳ್ಳಿನಷ್ಟು ಇರಬೇಕಾದ ಗುಳಿಗಳಲ್ಲಿ ಬೆರಳ ತುದಿ ಇಳಿಯುತ್ತಿತ್ತು. ಕಾಳು ಸುರಿಯುವ ನಡುವಿನ ಕಣ್ಣಿನಿಂದ ಅಂಚಿನವರೆಗೆ ಒಂದು ಬಿರುಕು ಓಡಿತ್ತು. ಇಡೀ ಜನ್ಮದಲ್ಲಿ ಅವನು ಕೆಡಿಸಿದ ಒಂದೇ ಕಲ್ಲು ಅದು.

ಜನದ ಹಿಂದೆ ನಿಂತಿದ್ದ ಗಿರೆವ್ವ ಮುಂದೆ ಬಂದಳು. ಅವಳು ಯಾವಾಗ ಬಂದಳೋ ಯಾರೂ ನೋಡಿರಲಿಲ್ಲ. ಕೂತು, ಅಂಗೈಯನ್ನು ಕಲ್ಲಿನ ಮೇಲೆ ಒಮ್ಮೆ ಆಡಿಸಿದಳು. "ಮಾತ ಛಲೋ ಇದ್ವು" ಎಂದಳು. "ಎಲ್ಲಾರೂ ಕೇಳಿದ್ರು. ನೀ ಒಬ್ಬಾಂವ ಕಲ್ಲಿನ ಮಾತ ಕೇಳಲಿಲ್ಲ." ಅಪ್ಪನ ಕೈಯ ಕಲ್ಲು ಅದು, ಅವಳ ಅನ್ನವೂ ಅದೇ. ಅವಳು ಬೈಯಲಿಲ್ಲ. ಕಲ್ಲನ್ನು ಅಲ್ಲೇ ಬಿಟ್ಟು, ಸೆರಗು ಸರಿಮಾಡಿಕೊಂಡು ಇಳಿದುಹೋದಳು. ಬೈದಿದ್ದರೆ ಸಲೀಸಾಗುತ್ತಿತ್ತು ಎಂದು ಯಾಕೂಬ್ ಮುದಿವಯಸ್ಸಿನಲ್ಲೂ ಹೇಳುತ್ತಿದ್ದನಂತೆ.

ಮರುದಿನವೂ ಜನ ಗುಡ್ಡ ಹತ್ತಿದರು. ಅವನು ಬಾಯಿ ಬಿಡಲಿಲ್ಲ. ಹೊಳೆಯ ದಂಡೆಯ ಕರಿಬಂಡೆಯಲ್ಲಿ ಹೊಸ ಜೋಡಿಗಲ್ಲು ಕಡೆಯಲು ಕೂತ. ಕೆಲಸ ಮುಗಿಯುವ ತನಕ ಒಂದು ಮಾತೂ ಆಡಲಿಲ್ಲ, ನಮಾಜಿಗೆ ಮಾತ್ರ ಏಳುತ್ತಿದ್ದ. ಕಲ್ಲು ಸಿದ್ಧವಾದ ಮೇಲೆ ತಂದು ಅಕ್ಕನ ಮುಚ್ಚಿದ ಬಾಗಿಲ ಮುಂದೆ ಜಗಲಿಯಲ್ಲಿ ಹೂಡಿದ. ಹೊಸ ಕಲ್ಲಿನಲ್ಲಿ ಪುಡಿ ಇರುತ್ತದೆ. ಅದರ ಮೊದಲ ಹಿಟ್ಟನ್ನು ಯಾರೂ ತಿನ್ನುವುದಿಲ್ಲ. ಅದಕ್ಕೇ ಮೊದಲು ಹೊಟ್ಟು ಹಾಕಿ ಬೀಸಿ ಚೆಲ್ಲಬೇಕು. ಯಾಕೂಬ್ ಕಾಲು ಚಾಚಿ ಕೂತು, ಊರ ನಡುಬೀದಿಗೆ ಕಾಣುವಂತೆ, ಹಾಡಹಗಲೇ, ಹೊಟ್ಟು ಬೀಸತೊಡಗಿದ. ಆ ಊರಿನಲ್ಲಿ ಗಂಡಸು ಬೀಸುಕಲ್ಲಿನ ಗೂಟ ಹಿಡಿದದ್ದನ್ನು ಯಾರೂ ಕಂಡಿರಲಿಲ್ಲ. ಗೌಡ ಬಂದು ನೋಡಿ, "ಸಾಹೇಬ್ರ, ಸೀರಿ ತರಸ್ಲೇನ್ರಿ?" ಎಂದ. ಫತ್ತೇಖಾನ ಕಿವಿಯ ಹತ್ತಿರ ಬಾಗಿ, "ಯಾಕೂಬಭಾಯಿ, ಇವರು ನಾಳಿಂದ ನಿಮ್ಮ ಮಾತು ಕೇಳೂದಿಲ್ಲ. ಏಳ್ರಿ" ಎಂದು ಬೇಡಿಕೊಂಡ. "ಕೇಳದಿದ್ರ ಬಿಡ್ಲಿ" ಎಂದ ಯಾಕೂಬ್, ಪಕ್ಕದ ಮನೆಯ ಮುದುಕಿ ತಂದಿಟ್ಟ ಜೋಳವನ್ನು ಕಲ್ಲಿನ ಕಣ್ಣಿಗೆ ಸುರಿದ.

ಬಲವಿದ್ದರೂ ಅವನಿಗೆ ಬೀಸಲು ಬರುತ್ತಿರಲಿಲ್ಲ. ಕಲ್ಲು ಎಳೆದಾಗ ಓಡಿ, ಬಿಟ್ಟಾಗ ನಿಲ್ಲುತ್ತಿತ್ತು. ಬಿಸಿಲು ನೆತ್ತಿಗೆ ಬಂತು, ಅಂಗೈಯಲ್ಲಿ ಬೊಬ್ಬೆ ಎದ್ದಿತು. ಆಗ ಒಳಗಿನಿಂದ ಗಿರೆವ್ವನ ದನಿ ಕೇಳಿತು: "ಮೂಕಬಸವನಂಗ ಯಾಕ ಕುಂತಿ? ಹಾಡಿಕೋಂತ ಬೀಸಬೇಕು. ಇಲ್ಲಾಂದ್ರ ರಟ್ಟಿ ಬಿದ್ದ ಹೋಗ್ತಾವ." ಅವನಿಗೆ ಗೊತ್ತಿದ್ದ ಬೀಸುವ ಹಾಡುಗಳೆಲ್ಲ ಅವಳವೇ, ಅವಳ ತೊಡೆಯ ಮೇಲೆ ಮಲಗಿ ಕೇಳಿದವು. ಅವನ್ನೇ ಹಾಡಿದ. ಕಲ್ಲು ಸ್ವಲ್ಪ ಹದಕ್ಕೆ ಬಂತು. ನೆನಪಿನಲ್ಲಿದ್ದ ಹಾಡು ಮುಗಿದವು, ಜೋಳ ಮುಗಿದಿರಲಿಲ್ಲ. ಅದೇ ಧಾಟಿಗೆ ತನ್ನದೊಂದನ್ನು ಜೋಡಿಸಿದ:

ಬಿತ್ತಿದವರ್ಯಾರವ್ವ ಬೆಳೆಸಿದವರ್ಯಾರವ್ವ
ಹೊತ್ತು ಮೂಡಿಸುವಾಂವ ಒಬ್ಬಾನ, ಅವ ನಮ್ಮ
ತುತ್ತಿನ ಲೆಕ್ಕ ಇಡಲಾರ.

 ಅವನು ಇನ್ನೊಮ್ಮೆ ಹಾಡಿದ. ಕೊನೆಯ ಸಾಲಿಗೆ ಕೈ ತಪ್ಪಿ ಕಲ್ಲು ಎಡವಿತು. ಬಾಗಿಲು ತೆರೆಯಿತು. "ಸಡ್ಲ ಹಿಡಿ ಗೂಟಾ. ಅದೇನ ಹೋರಿ ಕೋಡೇನ?" ಎನ್ನುತ್ತ ಗಿರೆವ್ವ ಹೊರಗೆ ಬಂದು, ಅವನೆದುರು ಕೂತು, ಅವನ ಕೈಯ ಮೇಲೆ ಕೈಯಿಟ್ಟು ಗೂಟ ಹಿಡಿದಳು. ಒಂದೇ ಗೂಟಕ್ಕೆ ಇಬ್ಬರು ಎದುರುಬದುರು ಕೂತು ಬೀಸುವುದು ಈ ಕಡೆಯ ರೂಢಿ. ಒಬ್ಬರು ತಳ್ಳಿದರೆ ಇನ್ನೊಬ್ಬರು ಎಳೆಯುತ್ತಾರೆ. ಅವನು ಅವಳತ್ತ ನೋಡಲಿಲ್ಲ, ಅವಳು ಅವನತ್ತ ನೋಡಲಿಲ್ಲ. ಹಿಟ್ಟು ಬೀಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವಳು, "ಗಡ್ಡದಾಗೆಲ್ಲ ಹಿಟ್ಟ ಹತ್ತೈತಿ ನೋಡ" ಎಂದಳಂತೆ. ಆ ದಿನದ ರೊಟ್ಟಿಯನ್ನು ಅವನು ಒಳಗೆ ಕೂತು ಉಂಡ. ಹೊರಗೆ ನಿಂತಿದ್ದ ಫತ್ತೇಖಾನನಿಗೂ ಅವಳು ತಾಟು ಹಾಕಿದಳು.

ಆಮೇಲೆ ಯಾಕೂಬ್ ನಿಂತು ಬೋಧಿಸಲಿಲ್ಲ. ಯಾವ ಊರಿಗೆ ಹೋದರೂ ಮೊದಲು ಅಲ್ಲಿಯ ಕಲ್ಲುಗಳಿಗೆ ಬಾಯಿ ಮುಚ್ಚಿಕೊಂಡು ಉಳಿ ಹಾಕುತ್ತಿದ್ದ. ಮುಗಿಸಿ ಉಳಿಯನ್ನು ಚೀಲದಲ್ಲಿಟ್ಟ ಮೇಲೆ ನಾಲ್ಕು ಮಾತು ಹೇಳುತ್ತಿದ್ದ, ಇಲ್ಲವೇ ಒಂದು ಹಾಡು ಕಟ್ಟಿಕೊಡುತ್ತಿದ್ದ. ಅವನ ಹಾಡು ಯಾವ ಮನೆಯ ಬಾಗಿಲಲ್ಲೂ ನಿಲ್ಲಲಿಲ್ಲ. ಅವನ ಮುಖ ನೋಡದ ಹೆಂಗಸರು, ಅವನ ಮತ ಒಪ್ಪದ ಹೆಂಗಸರು ಬೆಳಗಿನ ಜಾವ ಅದನ್ನು ಹಾಡಿ ಬೀಸಿದರು. ಕುಟಿಗರನ್ನು ಬಾವಿಯ ಮೆಟ್ಟಿಲಿಳಿಯಗೊಡದ ಸೊನ್ನಲವಾಡದಲ್ಲಿ, ಕೊನೆಗೆ ಅವರಿಗೂ ಬಾವಿ ಬಿಡಬೇಕೆಂಬ ಮಾತನ್ನು ಗೌಡನೆದುರು ಎತ್ತಿದ್ದು ಗೌಡನ ಸೊಸೆಯೇ ಎನ್ನುತ್ತಾರೆ. ಅವಳಿಗೆ ಆ ಹಾಡು ತವರಿನಿಂದ ಬಂದಿತ್ತು.

ಗಿರೆವ್ವ ತಮ್ಮನ ದಾರಿಗೆ ಬಂದಳೇ ಎಂದು ಕೇಳುವವರಿದ್ದಾರೆ. ಅವಳು ಕೊನೆಯವರೆಗೂ ದ್ಯಾಮವ್ವನಿಗೆ ದೀಪ ಹಚ್ಚಿದಳು, ರಮಜಾನಿನಲ್ಲಿ ತಮ್ಮನಿಗೆ ಸೂರ್ಯ ಹುಟ್ಟುವ ಮುಂಚೆ ರೊಟ್ಟಿ ಬಡಿದುಕೊಟ್ಟಳು. ಅವನ ಬೋಧನೆ ಹೇಗೆಂದು ಯಾರಾದರೂ ಕೆಣಕಿದರೆ, "ನನಗೇನ ಗೊತ್ತರಿ ಯಪ್ಪಾ. ಬೀಸೂದಂತೂ ಛಲೋ ಬೀಸ್ತಾನ" ಎನ್ನುತ್ತಿದ್ದಳು. ಅವಳು ತೀರಿದ ಮೇಲೆ ಯಾಕೂಬ್ ಹೆಚ್ಚು ಕಾಲ ಬದುಕಲಿಲ್ಲ. ತನ್ನನ್ನು ಗುಡ್ಡದ ಮೇಲೆ, ಆ ಕೆಟ್ಟ ಕಲ್ಲು ಇದ್ದಲ್ಲೇ ಮಣ್ಣುಮಾಡಬೇಕು, ಜಾಗವನ್ನು ಅಕ್ಕನ ಕಲ್ಲೆಂದೇ ಕರೆಯಬೇಕು ಎಂದು ಕೇಳಿಕೊಂಡ.

ಕಲ್ಲು ಈಗಲೂ ಗೋರಿಯ ತಲೆದೆಸೆಯಲ್ಲಿದೆ. ಬಿರುಕಿಗೆ ಕಬ್ಬಿಣದ ಪಟ್ಟಿ ಹಾಕಿದ್ದಾರೆ. ಗುರುವಾರ ಮಾತಾಡುವ ಮೌಲವಿ ಮೊದಲು ಅದರ ಮೇಲೆ ಅಂಗೈ ಇಟ್ಟು ಆಮೇಲೆ ಬಾಯಿ ತೆರೆಯುತ್ತಾರೆ. ಯಾರೂ ದೀರ್ಘವಾಗಿ ಮಾತಾಡುವುದಿಲ್ಲ. ಈಗ ಊರಿಗೊಂದು ಹಿಟ್ಟಿನ ಗಿರಣಿ ಬಂದಿದೆ. ಆದರೆ ಅಂಗಳದಲ್ಲಿ ಒಂದು ಬೀಸುಕಲ್ಲನ್ನು ಹೂಡಿಟ್ಟಿದ್ದಾರೆ. ಆಸ್ತಿಗೋ, ಮದುವೆಗೋ, ಆಡಿದ ಒಂದು ಮಾತಿಗೋ ಮುನಿದು ಬೇರೆಯಾದ ಅಕ್ಕತಮ್ಮಂದಿರು, ಅಣ್ಣತಂಗಿಯರು ಇಲ್ಲಿಗೆ ಬಂದು ಎದುರುಬದುರು ಕೂತು ಒಂದು ಹಿಡಿ ಜೋಳ ಬೀಸಿಹೋಗುತ್ತಾರೆ. ಹಿಂದೂ ಮುಸ್ಲಿಮರೆಂಬ ಭೇದವಿಲ್ಲ. ಮಾತಾಡಲೇಬೇಕೆಂಬ ನಿಯಮವೂ ಇಲ್ಲ. ಆ ಕಲ್ಲಿನ ಜಾಲಿಮರದ ಗೂಟ ಅಷ್ಟು ಕೈಗಳಿಗೆ ಬೇಗ ಸವೆಯುತ್ತದೆ. ಊರ ಬಡಗಿ ಹೊಸದನ್ನು ಕೂಡಿಸುತ್ತಾನೆ. ಹಳೆಯವನ್ನು ಒಲೆಗೆ ಹಾಕುವುದಿಲ್ಲ. ದರ್ಗಾದ ಹಿಂದೆ ಹೋದರೆ ಅವು ಗೋಡೆಗೆ ಒರಗಿ ಸಾಲಾಗಿ ನಿಂತಿರುವುದು ಕಾಣುತ್ತದೆ, ಒಂದೊಂದೂ ನಡುವಿನಲ್ಲಿ ತೆಳ್ಳಗಾಗಿ.