ಅಟ್ಟದ ಮೇಲಿನ ತಗಡು

"ಯಜಮಾನರೆ, ಕೆಲಸಕ್ಕೆ ಇಟ್ಟುಕೊಂಡ ಮನುಷ್ಯ ಕೆಟ್ಟರೆ ಅವನನ್ನು ತಿದ್ದಬೇಕೋ, ಬದಲಿಸಬೇಕೋ?"

ಕೇಳಿದವನು ಚನ್ನವೀರ. ಪೇಟೆಯಲ್ಲಿ ಅವನದು ಹಿತ್ತಾಳೆ ಪಾತ್ರೆಗಳ ಅಂಗಡಿ. ಕೇಳಿಸಿಕೊಂಡವರು ಮುರಿಗೆಪ್ಪನವರು. ಅವರ ಗಾದಿಯ ಪಕ್ಕದಲ್ಲಿ ಒಂಬತ್ತು ವರ್ಷ ಕುಳಿತು ಚನ್ನವೀರ ವ್ಯಾಪಾರ ಕಲಿತಿದ್ದ. ಸ್ವಂತ ಅಂಗಡಿ ಹಾಕಿ ಆರು ವರ್ಷವಾಗಿದ್ದರೂ ದಾರಿ ತೋಚದಾಗ ಬರುತ್ತಿದ್ದುದು ಅಲ್ಲಿಗೇ.

ಆಗ ಮಧ್ಯಾಹ್ನ ಒಂದೂವರೆ. ಮುರಿಗೆಪ್ಪನವರ ಅಂಗಡಿಯ ಶಟರ್ ಅರ್ಧ ಎಳೆದಿತ್ತು. ಊಟ ಮುಗಿಸಿ ಅಡಿಕೆ ಕತ್ತರಿಸುತ್ತಿದ್ದರು. ಒಳಗೆ ಇಬ್ಬರು ಆಳುಗಳು ಚಾಪೆಯ ಮೇಲೆ ಅಡ್ಡಾಗಿದ್ದರು.

"ಯಾರು ಕೆಟ್ಟದ್ದು?" ಎಂದು ಮುರಿಗೆಪ್ಪನವರು ಕೇಳಿದರು.

"ತಕ್ಕಡಿಗೆ ನಿಲ್ಲುವವನು. ಮೊದಲಿದ್ದವನು ಐದು ವರ್ಷ ಒಂದು ಮಾತು ಆಡಿಸಿಕೊಳ್ಳಲಿಲ್ಲ. ಈ ದೀಪಾವಳಿ ಕಳೆದದ್ದೇ ತಡ, ಸಂಜೆಯಾದರೆ ಗಿರಾಕಿಗಳ ಮೇಲೆ ಹರಿಹಾಯತೊಡಗಿದ. ಕೂರಿಸಿ ಬುದ್ಧಿ ಹೇಳಿದೆ. ಎರಡು ವಾರ ನೆಟ್ಟಗಿದ್ದ, ಮತ್ತೆ ಅದೇ ಹಾಡು. ತೆಗೆದುಹಾಕಿ ಹೊಸಬನನ್ನು ತಂದೆ. ನಾಲ್ಕು ತಿಂಗಳು ಚಿನ್ನದಂಥ ಹುಡುಗ ಅಂದುಕೊಂಡಿದ್ದೆ. ನಿನ್ನೆ ಅವನೂ ಒಬ್ಬ ಹೆಂಗಸಿನ ಮುಂದೆ ಎರಡು ಕಿಲೋ ತೂಕದ ಬಟ್ಟು ಎತ್ತಿ ಕುಕ್ಕಿದ. ಮದುವೆಯ ಪಾತ್ರೆ ಒಯ್ಯಲು ಬಂದಿದ್ದ ಮನೆಯವರು, ಹಾಗೇ ಎದ್ದು ಹೋದರು. ಹೀಗಾದರೆ ನನ್ನ ಅಂಗಡಿ ಉಳಿಯುವುದಿಲ್ಲ."

"ವ್ಯಾಪಾರ ಹೇಗಿದೆ?"

"ಅದಕ್ಕೇನು ಕಡಿಮೆಯಿಲ್ಲ. ದೀಪಾವಳಿಯಿಂದ ನಾನು ಮಧ್ಯಾಹ್ನ ಶಟರ್ ಎಳೆಯುವುದನ್ನೇ ಬಿಟ್ಟೆ. ಪೇಟೆಯೆಲ್ಲ ಮಲಗಿರುತ್ತದೆ, ಬಂದವರೆಲ್ಲ ನನ್ನಲ್ಲಿಗೇ." ಚನ್ನವೀರ ಗಡಿಯಾರ ನೋಡಿದ. "ಬೇಗ ಹೇಳಿ ಯಜಮಾನರೆ. ಅಂಗಡಿ ತೆರೆದೇ ಇದೆ."

ಮುರಿಗೆಪ್ಪನವರು ಅಡಿಕೆಯ ಹೋಳನ್ನು ಬಾಯಿಗೆ ಹಾಕಿಕೊಂಡು ಹೇಳತೊಡಗಿದರು.

ಒಬ್ಬ ವ್ಯಾಪಾರಿ ಇದ್ದ. ದಾರ, ಗುಂಡಿ, ಸೂಜಿ, ಅಸ್ತರಿನ ಬಟ್ಟೆ ಅವನ ಸರಕು. ಘಟ್ಟದ ಮೇಲೆ ಒಂದು ಊರು, ಅಲ್ಲಿ ಗುರುವಾರ ಸಂತೆ. ಸುತ್ತಲಿನ ಹಳ್ಳಿಗಳ ದರ್ಜಿಗಳೆಲ್ಲ ಅವನ ಕಟ್ಟೆಗೇ ಬರುತ್ತಿದ್ದರು. ಆ ಸಂತೆಗೆ ಒಂದು ಕಟ್ಟಳೆ ಇತ್ತು. ಎರಡು ಗುರುವಾರ ಒಂದರ ಹಿಂದೊಂದು ಕಟ್ಟೆ ಖಾಲಿ ಬಿದ್ದು, ಮೂರನೆಯ ಗುರುವಾರವೂ ಹತ್ತು ಗಂಟೆಯೊಳಗೆ ಯಜಮಾನ ಬರದಿದ್ದರೆ, ಕಟ್ಟೆ ಕಾದು ಕೂತ ಇನ್ನೊಬ್ಬನಿಗೆ ಹೋಗುತ್ತಿತ್ತು. ಕಾರಣ ಕೇಳುವವರಿಲ್ಲ. ಮನೆಯಲ್ಲಿ ಸಾವಾದರೂ ಅಷ್ಟೆ, ಮದುವೆಯಾದರೂ ಅಷ್ಟೆ.

ಅವನಿಗೆ ಒಂದು ಹಳೆಯ ಕಾರಿತ್ತು. ಎಂಜಿನ್ ಹಿಂದೆ, ಸಾಮಾನಿಡುವ ಜಾಗ ಮುಂದೆ. ಅದಕ್ಕೆ ರೇಡಿಯೇಟರ್ ಇಲ್ಲ, ನೀರು ಬೇಡ. ಒಂದು ಫ್ಯಾನ್ ಗಾಳಿ ಊದುತ್ತದೆ, ಆ ಗಾಳಿಯಲ್ಲೇ ಎಂಜಿನ್ ತಣಿಯುತ್ತದೆ. ಘಟ್ಟದ ತಿರುವಿನಲ್ಲಿ ಬೇರೆ ಕಾರುಗಳು ಬಾನೆಟ್ ಎತ್ತಿಕೊಂಡು ನೀರಿಗೆ ನಿಂತಿದ್ದರೆ ಇವನು ಹಾರ್ನ್ ಹೊಡೆದು ದಾಟುತ್ತಿದ್ದ. ಇಪ್ಪತ್ತು ವರ್ಷ ಹೀಗೇ ನಡೆಯಿತು.

ಒಂದು ಬೇಸಿಗೆಯಲ್ಲಿ ಕಾರು ಘಟ್ಟದ ನಡುವೆ ಸೋತು ನಿಂತಿತು. ಗ್ಯಾರೇಜಿನವನು ಎಂಜಿನ್ ಬಿಚ್ಚಿ ನೋಡಿದ. ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡು, ಅದರಲ್ಲಿ ಎರಡು ವಾಲ್ವುಗಳ ನಡುವೆ ಕೂದಲೆಳೆಯಷ್ಟು ಬಿರುಕು. ವೆಲ್ಡಿಂಗ್ ಮಾಡಿಸಿ, ಲೇತಿನಲ್ಲಿ ಮಟ್ಟ ಮಾಡಿಸಿ, ಮತ್ತೆ ಕೂರಿಸಿದ. ಎರಡು ಗುರುವಾರ ಕಾರು ಘಟ್ಟ ಹತ್ತಿತು. ಮೂರನೆಯ ಸಲ ಅದೇ ಜಾಗದಲ್ಲಿ ಅದೇ ಬಿರುಕು.

ಹಳೆಯದಕ್ಕೆ ತೇಪೆ ಹಾಕಿದರೆ ಇಷ್ಟೇ ಎಂದುಕೊಂಡ ವ್ಯಾಪಾರಿ ದೂರದ ಶಹರದಿಂದ ಹೊಸ ಹೆಡ್ಡು ತರಿಸಿದ. ಅದು ನಾಲ್ಕು ಗುರುವಾರ ಹತ್ತಿತು. ಐದನೆಯ ಗುರುವಾರ ಸೀಳಿತು. ಅಂದಿನ ಸಂತೆ ತಪ್ಪಿತು. ಕಾರು ಗ್ಯಾರೇಜಿನಲ್ಲೇ ಬಿದ್ದದ್ದರಿಂದ ಮುಂದಿನದೂ ತಪ್ಪಿತು. ಉಳಿದದ್ದು ಒಂದು.

"ಬಾಡಿಗೆ ವ್ಯಾನು ಹಿಡಿಯಬಹುದಿತ್ತಲ್ಲ?" ಎಂದ ಚನ್ನವೀರ.

"ಸಂತೆಯ ದಿನ ವ್ಯಾನು ಎಲ್ಲಿ ಸಿಗುತ್ತದೆ ಮಾರಾಯ? ತರಕಾರಿಯವರು ಮೊದಲೇ ಹಿಡಿದಿರುತ್ತಾರೆ. ಬಸ್ಸು ಮೇಲೆ ಮುಟ್ಟುವುದು ಹನ್ನೊಂದಕ್ಕೆ. ಇದನ್ನೆಲ್ಲ ಅವನೂ ಯೋಚಿಸಿದ್ದ. ಕೇಳು."

ಆ ವ್ಯಾಪಾರಿ ಕೈಚೆಲ್ಲುವ ಜಾತಿಯವನಲ್ಲ. ಸೋಮವಾರ ಬೆಳಿಗ್ಗೆ ಕಾರನ್ನು ಲಾರಿಗೆ ಕಟ್ಟಿ ಎಳೆಸಿಕೊಂಡು ಇನ್ನೊಂದು ಊರಿಗೆ ಹೋದ. ಅಲ್ಲಿ ಒಬ್ಬ ಮುದುಕ ಮೇಸ್ತ್ರಿ ಇದ್ದ. ವೆಲ್ಡ್ ಮಾಡಿಸಿದ್ದ ಹಳೆಯ ಹೆಡ್ಡನ್ನು ಚೀಲದಿಂದ ತೆಗೆದು ಅವನ ಮುಂದಿಟ್ಟ.

"ಮೇಸ್ತ್ರಿ, ಇದು ಎರಡು ಸಲ ಸೀಳಿದ್ದು. ಕಾರಿನಲ್ಲಿರುವುದು ಹೊಸದು, ಅದೂ ಸೀಳಿದೆ. ರಿಪೇರಿ ಮಾಡುತ್ತೀರೋ, ಇನ್ನೊಂದು ಹೊಸದು ತರಿಸಲೋ? ಒಂದು ಮಾತು ಹೇಳಿ. ಗುರುವಾರ ಹತ್ತಕ್ಕೆ ನಾನು ಘಟ್ಟದ ಮೇಲಿರಬೇಕು."

ಮೇಸ್ತ್ರಿ ಹೆಡ್ಡನ್ನು ಮುಟ್ಟಲಿಲ್ಲ. ಕಾರಿನ ಹಿಂದೆ ಹೋಗಿ ಮುಚ್ಚಳ ಎತ್ತಿ ಬಗ್ಗಿ ನೋಡಿದ.

"ತಗಡುಗಳೆಲ್ಲಿ ಸಾಹುಕಾರರೆ?"

"ಯಾವ ತಗಡು?"

"ಸಿಲಿಂಡರುಗಳನ್ನು ಸುತ್ತಿಕೊಂಡು ಐದು ತಗಡು ಇರಬೇಕು. ನಿಮ್ಮ ಎಂಜಿನ್ ಬರಿಮೈಯಲ್ಲಿ ನಿಂತಿದೆ."

"ಓ, ಅವೇ? ಈ ಬೇಸಿಗೆ ಶುರುವಾಗುವಾಗ ನಾನೇ ಬಿಚ್ಚಿಸಿದೆ. ಗಾಳಿಯಿಂದ ತಣಿಯುವ ಎಂಜಿನ್ನಿಗೆ ಅಂಗಿ ಯಾಕೆ ಮೇಸ್ತ್ರಿ? ಸೆಕೆಯಲ್ಲಿ ನೀವು ಕಂಬಳಿ ಹೊದೆಯುತ್ತೀರಾ?" ವ್ಯಾಪಾರಿಗೆ ತನ್ನ ಮಾತು ತನಗೇ ಹಿಡಿಸಿತು. "ಗಡಗಡ ಸದ್ದೂ ನಿಂತಿತು. ಪ್ಲಗ್ ಬಿಚ್ಚುವುದೂ ಸಲೀಸಾಯಿತು."

"ನಿಮ್ಮ ಸರಕಿನಲ್ಲಿ ಒಂದು ಗೇಣು ದಾರ ಕೊಡಿ," ಎಂದ ಮೇಸ್ತ್ರಿ.

ವ್ಯಾಪಾರಿಯ ಜೇಬಿನಲ್ಲಿ ಯಾವಾಗಲೂ ಒಂದು ಉಂಡೆ ಇರುತ್ತಿತ್ತು. ಕಿತ್ತುಕೊಟ್ಟ. ಮೇಸ್ತ್ರಿ ದಾರವನ್ನು ಉದ್ದನೆಯ ತಂತಿಯ ತುದಿಗೆ ಕಟ್ಟಿ ಎಂಜಿನ್ ಶುರು ಮಾಡಿಸಿದ. ಅದು ಕೆಮ್ಮುತ್ತ ಓಡತೊಡಗಿತು. ಫ್ಯಾನಿನ ಬಾಯಿಯ ಬಳಿ ಹಿಡಿದಾಗ ದಾರ ನೆಟ್ಟಗೆ ಹಾರಿತು. ಅಲ್ಲಿಂದ ಒಂದು ಗೇಣು ಪಕ್ಕಕ್ಕೆ, ಹೆಡ್ಡಿನ ಸುತ್ತ ಕಾವು ಬಿಡಲೆಂದು ಇರುವ ತೆಳು ರೆಕ್ಕೆಗಳ ಹತ್ತಿರ ತಂದ. ದಾರ ಜೋತುಬಿತ್ತು. ಅಲುಗಲೂ ಇಲ್ಲ.

"ಮೂರನೆಯ ಗುರುವಾರ ತಲೆಯ ಮೇಲೆ ಬಂದಿದೆ, ನೀವು ದಾರ ಆಡಿಸುತ್ತಾ ಕೂತಿದ್ದೀರಿ," ಎಂದು ವ್ಯಾಪಾರಿ ಸಿಡುಕಿದ.

ಮೇಸ್ತ್ರಿ ಎಣ್ಣೆ ಡಬ್ಬಿಯೊಂದನ್ನು ಕತ್ತರಿಸಿ, ತಗಡನ್ನು ಬಗ್ಗಿಸಿ, ಫ್ಯಾನಿನ ಬಾಯಿಂದ ಹೆಡ್ಡಿನವರೆಗೆ ಕೈಯಲ್ಲೇ ಒತ್ತಿ ಹಿಡಿದ. ಜೋತುಬಿದ್ದಿದ್ದ ದಾರ ರೆಕ್ಕೆಗಳ ಸಂದಿನೊಳಕ್ಕೆ ಎಳೆದುಕೊಂಡು ಹೋಗಿ ಪಟಪಟ ಹೊಡೆದುಕೊಳ್ಳತೊಡಗಿತು.

ವ್ಯಾಪಾರಿ ಬಗ್ಗಿ ನೋಡಿದ. ಇಪ್ಪತ್ತು ವರ್ಷ ದಾರ ಮಾರಿದವನಿಗೆ ದಾರ ಸುಳ್ಳು ಹೇಳುವುದಿಲ್ಲ ಎಂದು ಗೊತ್ತಿತ್ತು.

"ಗಾಳಿಗೆ ಬರವಿಲ್ಲ," ಎಂದ ಮೇಸ್ತ್ರಿ. "ಬೇಕಾದ ಕಡೆ ಹೋಗುತ್ತಿಲ್ಲ, ಅಷ್ಟೆ. ತಗಡು ಹೊದಿಕೆಯಲ್ಲ ಸಾಹುಕಾರರೆ, ಗಾಳಿಗೆ ದಾರಿ. ಎಲ್ಲಿಟ್ಟಿದ್ದೀರಿ?"

"ಅಟ್ಟದ ಮೇಲೆ."

"ತನ್ನಿ."

ವ್ಯಾಪಾರಿ ಮಂಗಳವಾರ ಬಸ್ಸು ಹಿಡಿದು ಮನೆಗೆ ಬಂದು ಅಟ್ಟ ಹತ್ತಿದ. ನಾಲ್ಕು ತಗಡು ಸಿಕ್ಕವು. ಐದನೆಯದು ಇಲ್ಲ. ಮೂಲೆ ಮೂಲೆ ತಡಕಿದ. ಕೊನೆಗೆ ಕಂಡದ್ದು ಹಿತ್ತಲಿನಲ್ಲಿ. ಅವನ ಹೆಂಡತಿ ಅದನ್ನು ಬಚ್ಚಲೊಲೆಯ ಬಾಯಿಗೆ ಓರೆಯಾಗಿ ನಿಲ್ಲಿಸಿದ್ದಳು.

"ಅದನ್ನು ಮುಟ್ಟಬೇಡಿ," ಎಂದಳು ಅವಳು. "ಅಡ್ಡ ಇಟ್ಟ ದಿನದಿಂದ ಗಾಳಿ ನೆಟ್ಟಗೆ ಸೌದೆಗೇ ಹೋಗುತ್ತದೆ. ಅರ್ಧ ಸೌದೆಗೆ ನೀರು ಕಾಯುತ್ತದೆ. ನಿಮ್ಮ ಕಾರಿಗೆ ಬೇರೆ ಮಾಡಿಸಿಕೊಳ್ಳಿ."

"ಇದು ನಿನಗೆ ಗೊತ್ತಿತ್ತೇ?"

"ಒಲೆ ಹಚ್ಚುವವರಿಗೆ ಗೊತ್ತಿಲ್ಲದೆ ಮತ್ತೆ ಯಾರಿಗೆ ಗೊತ್ತಿರುತ್ತದೆ?"

ಒಲೆಗೆ ಬೇರೆ ತಗಡು ತಂದುಕೊಡುವ ಮಾತು ಕೊಟ್ಟು ಅದನ್ನು ಬಿಡಿಸಿಕೊಂಡ. ಮಸಿ ಉಜ್ಜುತ್ತ ಬಸ್ಸಿನಲ್ಲಿ ಕೂತು ಮೇಸ್ತ್ರಿಯ ಬಳಿಗೆ ಮರಳಿದ. ಅಷ್ಟರಲ್ಲಿ ಮೇಸ್ತ್ರಿ ಒಂದು ಹೆಡ್ಡಿನ ಬಿರುಕನ್ನು ಬುಡದವರೆಗೆ ಕೊರೆದು, ಬೆಸೆದು, ವಾಲ್ವು ಕೂರುವ ಬಳೆಗಳನ್ನು ಹೊಸದಾಗಿ ಹಾಕಿ ಸಿದ್ಧ ಮಾಡಿದ್ದ. ವ್ಯಾಪಾರಿ ನೋಡಿದರೆ ಅದು ಹಳೆಯ ಹೆಡ್ಡು.

"ಹೊಸದನ್ನು ಬಿಟ್ಟು ಹಳೆಯದನ್ನೇ ಹಾಕುತ್ತಿದ್ದೀರಾ?"

"ಯಾವುದಾದರೂ ಆದೀತು," ಎಂದ ಮೇಸ್ತ್ರಿ. "ಕೈಗೆ ಇದು ಮೊದಲು ಸಿಕ್ಕಿತು."

ಬುಧವಾರ ಸಂಜೆಯೊಳಗೆ ಐದೂ ತಗಡುಗಳು ತಮ್ಮ ತಮ್ಮ ಜಾಗದಲ್ಲಿ ಕೂತವು. ಗುರುವಾರ ಬೆಳಿಗ್ಗೆ ವ್ಯಾಪಾರಿ ಸರಕು ತುಂಬಿಕೊಂಡು ಘಟ್ಟ ಹತ್ತಿದ. ತಗಡು ಹಿಂದಿನಂತೆಯೇ ಗಡಗಡ ಎನ್ನುತ್ತಿತ್ತು. ಅವನಿಗೆ ಬೇಸರವಾಗಲಿಲ್ಲ. ಯಾವಾಗಲೂ ಸೋಲುತ್ತಿದ್ದ ತಿರುವು ಬಂದಾಗ ಹಲ್ಲು ಕಚ್ಚಿ ಸ್ಟಿಯರಿಂಗ್ ಹಿಡಿದ. ಕಾರು ಸೋಲಲಿಲ್ಲ. ತಿರುವು ಹಿಂದೆ ಬಿತ್ತು.

ಸಂತೆ ಮುಟ್ಟಿದಾಗ ಒಂಬತ್ತೂ ನಲವತ್ತು. ಅವನ ಕಟ್ಟೆಯ ತುದಿಯಲ್ಲಿ ಇನ್ನೊಬ್ಬ ಗಂಟು ಇಟ್ಟುಕೊಂಡು ಕೂತಿದ್ದ. ಕಣ್ಣು ಗಡಿಯಾರದ ಮೇಲೆ.

"ನಾನೇನೂ ಹಾಸಿಲ್ಲ ಅಣ್ಣಾ. ಹತ್ತಾಗಲಿ ಅಂತ ಕಾಯುತ್ತಿದ್ದೆ," ಎಂದ ಅವನು.

"ಕಾದದ್ದು ಸಾಕು, ಏಳಪ್ಪ," ಎಂದು ವ್ಯಾಪಾರಿ ತನ್ನ ಚಾಪೆ ಬಿಚ್ಚಿದ. ಆ ಹೊತ್ತಿಗೆ ಇಬ್ಬರು ದರ್ಜಿಗಳು ಬಂದು ನಿಂತಿದ್ದರು.

ಮುರಿಗೆಪ್ಪನವರು ಕತೆ ನಿಲ್ಲಿಸಿ ಅಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

ಚನ್ನವೀರ ಬೆರಳು ಮಡಿಸಿ ಲೆಕ್ಕ ಹಾಕಿದ. ಆಮೇಲೆ, "ಹಾಗಾದರೆ ಹಳಬನನ್ನೇ ಮತ್ತೆ ಕರೆಯಲೇ ಯಜಮಾನರೆ? ಇಲ್ಲ, ಈ ಹುಡುಗನನ್ನೇ ತಿದ್ದಲೇ?" ಎಂದ.

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಅಂಗಡಿಯಿಂದ. ಆ ಕಡೆಯ ಮಾತು ಮುರಿಗೆಪ್ಪನವರಿಗೂ ಕೇಳಿಸುವಷ್ಟು ಗಟ್ಟಿಯಾಗಿತ್ತು: ನಾಲ್ಕು ಜನ ನಿಂತಿದ್ದಾರೆ, ನಾನಿನ್ನೂ ಊಟದ ಡಬ್ಬಿಯ ಮುಚ್ಚಳ ತೆಗೆದಿಲ್ಲ, ನೀವು ಯಾವಾಗ ಬರುತ್ತೀರಿ?

"ನೋಡಿದಿರಾ ಅವನ ದನಿ?" ಎನ್ನುತ್ತ ಚನ್ನವೀರ ಚಪ್ಪಲಿ ಮೆಟ್ಟಿಕೊಂಡ.

"ಚನ್ನವೀರ, ಮಧ್ಯಾಹ್ನ ಶಟರ್ ಎಳೆದು ಉಣ್ಣುವ ಆ ಒಂದು ಗಂಟೆಯನ್ನು ಬಿಚ್ಚಿ ಯಾವ ಅಟ್ಟದ ಮೇಲೆ ಇಟ್ಟಿದ್ದೀ?" ಎಂದರು ಮುರಿಗೆಪ್ಪನವರು.

ಚನ್ನವೀರ ಅರ್ಧ ಎಳೆದ ಶಟರಿನ ಕೆಳಗೆ ಬಗ್ಗಿದವನು ಹಾಗೇ ನಿಂತ.